ಥೈರಾಯ್ಡ್ ಶಸ್ತ್ರಕ್ರಿಯೆಯ ನಂತರ ಪ್ಯಾರಾಥೈರಾಯ್ಡ್ ಗ್ರಂಥಿಗಳ ಚೇತರಿಕೆ

ಥೈರಾಯ್ಡ್ ಗ್ರಂಥಿಯ ಶಸ್ತ್ರಕ್ರಿಯೆಯಲ್ಲಿ ಪೆಟ್ಟು ತಿಂದು ಮಂಕಾದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮತ್ತೆ ಸಾಕಷ್ಟು ಹಾರ್ಮೋನು ಸ್ರವಿಸಿ, ಮಾತ್ರೆಗಳ ಆಸರೆಯಿಲ್ಲದೆ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯ್ದುಕೊಳ್ಳುವ ಸ್ಥಿತಿಗೆ ಮರಳುವುದಕ್ಕೆ ಪ್ಯಾರಾಥೈರಾಯ್ಡ್ ಚೇತರಿಕೆ ಎನ್ನುತ್ತಾರೆ. ಇಡೀ ಥೈರಾಯ್ಡ್ ತೆಗೆದವರಲ್ಲಿ ಕಾಣುವ ತೊಡಕುಗಳಲ್ಲಿ ಕ್ಯಾಲ್ಸಿಯಂ ಕುಸಿತವೇ ಅತ್ಯಂತ ಸಾಮಾನ್ಯವಾದುದು. ಹೀಗೆ ಕುಸಿದವರಲ್ಲಿ ಬಹುಪಾಲು ಮಂದಿ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ, ಸ್ವಲ್ಪ ಜನರಿಗೆ ಜೀವನಪರ್ಯಂತ ಚಿಕಿತ್ಸೆ ಬೇಕಾಗುತ್ತದೆ. ಯಾರು ಯಾವ ಗುಂಪಿಗೆ ಸೇರುತ್ತಾರೆ ಎಂಬುದನ್ನು ಮುಖ್ಯವಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಶಸ್ತ್ರಕ್ರಿಯೆಯ ಬಳಿಕ ಎಷ್ಟು ಗ್ರಂಥಿಗಳು ತಮ್ಮ ಜಾಗದಲ್ಲೇ ಉಳಿದವು, ಅವುಗಳಿಗೆ ರಕ್ತ ಹರಿಯುತ್ತಿದೆಯೇ.

ಹೆಸರು ಮತ್ತು ಪರಿಭಾಷೆ

ಥೈರಾಯ್ಡಿಗೆ ಕನ್ನಡದ ವೈದ್ಯ ಬರಹಗಳಲ್ಲಿ ಗುರಾಣಿಕ ಗ್ರಂಥಿ ಎಂಬ ಹೆಸರೂ ಇದೆ. ಮೂಲ ಗ್ರೀಕ್ ಪದದ ಅರ್ಥ ಗುರಾಣಿಯನ್ನು ಹೋಲುವುದು ಎಂದೇ. ಪ್ಯಾರಾಥೈರಾಯ್ಡ್ ಎಂದರೆ ಅದರ ಪಕ್ಕದ್ದು ಎಂದಷ್ಟೇ ಅರ್ಥ. ನೆರೆಹೊರೆಯ ಸಂಬಂಧ ಬಿಟ್ಟರೆ ಇವೆರಡರ ಕೆಲಸಕ್ಕೆ ನಂಟಿಲ್ಲ. ಥೈರಾಯ್ಡ್ ಇಲ್ಲದವರು ನಿತ್ಯ ಬೆಳಿಗ್ಗೆ ನುಂಗುವ ಥೈರಾಕ್ಸಿನ್ ಮಾತ್ರೆ ಪ್ಯಾರಾಥೈರಾಯ್ಡಿನ ಕೊರತೆಯನ್ನು ತುಂಬುವುದಿಲ್ಲ. ಹೆಸರಿನ ಹೋಲಿಕೆಯಿಂದಾಗಿ ಈ ಗೊಂದಲ ರೋಗಿಗಳಲ್ಲಿ ಮತ್ತೆ ಮತ್ತೆ ತಲೆದೋರುವುದರಿಂದ ಇದನ್ನು ಮೊದಲೇ ಬಿಡಿಸಿಡಬೇಕು.

ಕ್ಯಾಲ್ಸಿಯಂ ಕೊರತೆ ಎಂದರೆ ರಕ್ತದ ಕ್ಯಾಲ್ಸಿಯಂ ಮಟ್ಟ ವಾಡಿಕೆಯ ಮಿತಿಗಿಂತ ಕೆಳಗಿಳಿಯುವುದು. ಪ್ಯಾರಾಥೈರಾಯ್ಡ್ ಕೊರತೆ ಎಂದರೆ ಹಾಗೆ ಇಳಿದಾಗಲೂ ಪ್ಯಾರಾಥೈರಾಯ್ಡ್ ಹಾರ್ಮೋನು ಏರದೆ ತಗ್ಗಿಯೇ ಇರುವುದು. ಮೊದಲನೆಯದು ಎರಡನೆಯದಿಲ್ಲದೆಯೂ ಬರಬಹುದು. ದೀರ್ಘಕಾಲ ಥೈರಾಯ್ಡ್ ಅತಿಸ್ರಾವದಿಂದ ಸವೆದ ಮೂಳೆಗಳು ಶಸ್ತ್ರಕ್ರಿಯೆಯ ಬಳಿಕ ರಕ್ತದ ಕ್ಯಾಲ್ಸಿಯಮ್ಮನ್ನು ಗಬಗಬ ಹೀರಿಕೊಳ್ಳುವ ಸ್ಥಿತಿಗೆ ‘ಮೂಳೆ ಹಸಿವು’ ಎಂದು ಹೆಸರು. ಅಲ್ಲಿ ಹಾರ್ಮೋನು ತಗ್ಗಿರುವುದಿಲ್ಲ, ಏರಿರುತ್ತದೆ. ವಿಟಮಿನ್ ಡಿ ಕೊರತೆಯಲ್ಲೂ ಹಾಗೆಯೇ.

ಕಾಲದ ಲೆಕ್ಕದಲ್ಲಿ ಮೂರು ಪದಗಳು ಬಳಕೆಯಲ್ಲಿವೆ. ಕೆಲವು ವಾರಗಳಲ್ಲಿ ತಾನಾಗಿ ಹೋಗುವುದು ತಾತ್ಕಾಲಿಕ ಕೊರತೆ. 4ರಿಂದ 6 ವಾರ ಕಳೆದರೂ ಹಾರ್ಮೋನು ತಗ್ಗಿದ್ದು ಮಾತ್ರೆ ಬೇಕಾಗುತ್ತಿದ್ದರೆ ವಿಳಂಬಿತ ಕೊರತೆ. ಶಾಶ್ವತ ಕೊರತೆಯ ಗಡಿ ಎಲ್ಲಿದೆ ಎಂಬುದರಲ್ಲಿ ಒಮ್ಮತವಿಲ್ಲ. ಅಮೆರಿಕದ ಥೈರಾಯ್ಡ್ ಸಂಘ 2018ರ ಹೇಳಿಕೆಯಲ್ಲಿ 6 ತಿಂಗಳನ್ನು ಗಡಿಯಾಗಿಟ್ಟಿತು. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಅದನ್ನು 12 ತಿಂಗಳಿಗೆ ವಿಸ್ತರಿಸಿತು. ಆರು ತಿಂಗಳ ನಂತರವೂ ಚೇತರಿಸಿಕೊಳ್ಳುವವರು ಗಣನೀಯ ಸಂಖ್ಯೆಯಲ್ಲಿ ಇರುವುದರಿಂದ ಎರಡನೆಯ ಗಡಿಯೇ ವಾಸ್ತವಕ್ಕೆ ಹತ್ತಿರವಾದುದು.

ಇತಿಹಾಸ

ಪ್ಯಾರಾಥೈರಾಯ್ಡ್ ಗ್ರಂಥಿ ಮೊದಲು ಕಣ್ಣಿಗೆ ಬಿದ್ದದ್ದು ಭಾರತದ ಒಂದು ಪ್ರಾಣಿಯಲ್ಲಿ. 1834ರಲ್ಲಿ ಲಂಡನ್ನಿನ ಮೃಗಾಲಯ ಸೇರಿದ್ದ ಭಾರತೀಯ ಘೇಂಡಾಮೃಗ 1849ರಲ್ಲಿ ಸತ್ತಿತು. ಅದನ್ನು ಛೇದಿಸಿ ನೋಡಿದ ರಿಚರ್ಡ್ ಓವೆನ್ ಥೈರಾಯ್ಡಿಗೆ ಅಂಟಿಕೊಂಡಿದ್ದ ಹಳದಿ ಬಣ್ಣದ ಗಟ್ಟಿ ಗ್ರಂಥಿಯೊಂದನ್ನು 1850ರಲ್ಲಿ ವರ್ಣಿಸಿದರು. ಮನುಷ್ಯರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟವರು ಸ್ವೀಡನ್ನಿನ ಉಪ್ಸಾಲದ ಐವಾರ್ ಸ್ಯಾಂಡ್‌ಸ್ಟ್ರಾಮ್. 1880ರ ಅವರ ಪ್ರಬಂಧಕ್ಕೆ 50 ಮಾನವ ದೇಹಗಳ ಪರೀಕ್ಷೆ ಆಧಾರವಾಗಿತ್ತು. ಅದನ್ನು ಆ ಕಾಲ ಬಹುತೇಕ ಗಮನಿಸಲೇ ಇಲ್ಲ.

ಗ್ರಂಥಿ ಯಾವುದೆಂದು ತಿಳಿಯುವ ಮೊದಲೇ ಅದನ್ನು ಕಳೆದುಕೊಂಡವರ ಸಂಕಟ ದಾಖಲಾಗಿತ್ತು. ವಿಯೆನ್ನಾದಲ್ಲಿ ಶಸ್ತ್ರವೈದ್ಯ ತಿಯೊಡೋರ್ ಬಿಲ್‌ರೋಥರ ಸಹಾಯಕರಾಗಿದ್ದ ಆಂಟನ್ ವೋಲ್‌ಫ್ಲರ್ 1879ರಲ್ಲಿ, ಇಡೀ ಥೈರಾಯ್ಡ್ ತೆಗೆದ ರೋಗಿಯ ಕೈಕಾಲು ಸೆಟೆದುಕೊಂಡ ಪ್ರಸಂಗವನ್ನು ವರ್ಣಿಸಿದರು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ತಿಯೊಡೋರ್ ಕೋಖರರ ರೋಗಿಗಳಲ್ಲಿ ಇದು ಅಪರೂಪ. ಅವರನ್ನು ಕಾಡಿದ್ದು ಮೈ ಊದಿ, ಬುದ್ಧಿ ಮಂದವಾಗುವ ಥೈರಾಯ್ಡ್ ಕೊರತೆ. ಒಂದೇ ಶಸ್ತ್ರಕ್ರಿಯೆ, ಎರಡು ಊರುಗಳಲ್ಲಿ ಎರಡು ಬಗೆಯ ಕೆಡುಕು. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್ಸ್ಟೆಡ್ ಇಬ್ಬರ ಕೆಲಸವನ್ನೂ ಹತ್ತಿರದಿಂದ ನೋಡಿದ್ದರು. 1920ರಲ್ಲಿ ಹೊರಬಂದ ಗಳಗಂಡ ಶಸ್ತ್ರಕ್ರಿಯೆಯ ಇತಿಹಾಸದಲ್ಲಿ ಅವರು ಕಾರಣವನ್ನು ಕೈಚಳಕದ ವ್ಯತ್ಯಾಸದಲ್ಲಿ ಕಂಡರು. ಕೋಖರ್ ನಿಧಾನವಾಗಿ, ರಕ್ತ ಸೋರದಂತೆ, ಥೈರಾಯ್ಡಿನ ಕವಚಕ್ಕೆ ಅಂಟಿಕೊಂಡೇ ಬಿಡಿಸುತ್ತಿದ್ದರು. ಹಾಗಾಗಿ ಥೈರಾಯ್ಡ್ ಪೂರ್ತಿ ಹೋಗುತ್ತಿತ್ತು, ಪ್ಯಾರಾಥೈರಾಯ್ಡ್ ಉಳಿಯುತ್ತಿತ್ತು. ಬಿಲ್‌ರೋಥರದು ವೇಗದ ಕೈ. ಥೈರಾಯ್ಡಿನ ಚೂರುಗಳು ಹಿಂದೆ ಉಳಿದು, ಪ್ಯಾರಾಥೈರಾಯ್ಡ್‌ಗಳು ಹಾಳಾಗುತ್ತಿದ್ದವು. ಕವಚಕ್ಕೆ ಅಂಟಿಕೊಂಡು ಬಿಡಿಸುವ ಇಂದಿನ ಪದ್ಧತಿಯ ಹಿಂದಿರುವ ತಿಳಿವಳಿಕೆ ಇದೇ. ಕೋಖರರಿಗೆ 1909ರಲ್ಲಿ ನೊಬೆಲ್ ಪುರಸ್ಕಾರ ಬಂತು.

ಫ್ರಾನ್ಸಿನ ಯುಜೀನ್ ಗ್ಲೇ 1891ರಲ್ಲಿ ಸ್ನಾಯುಸೆಟೆತಕ್ಕೂ ಈ ಗ್ರಂಥಿಗಳಿಗೂ ಇರುವ ನಂಟನ್ನು ಪ್ರಯೋಗಗಳಿಂದ ತೋರಿದರು. ಹಾಲ್ಸ್ಟೆಡ್ ಮತ್ತು ಇವಾನ್ಸ್ 1907ರಲ್ಲಿ ಗ್ರಂಥಿಗಳ ರಕ್ತನಾಳಗಳನ್ನು ವಿವರವಾಗಿ ಗುರುತಿಸಿದರು. ಕ್ಯಾಲ್ಸಿಯಂ ಕೊಟ್ಟರೆ ಸೆಟೆತ ನಿಲ್ಲುತ್ತದೆಂದು ಮ್ಯಾಕಲಂ ಮತ್ತು ವೋಗ್ಟ್ಲಿನ್ 1909ರಲ್ಲಿ ತೋರಿಸಿಕೊಟ್ಟರು. 1926ರಲ್ಲಿ ಫ್ರಾಂಕ್ ಲೇಹಿ, ಕಿತ್ತುಬಂದ ಗ್ರಂಥಿಯನ್ನು ರೋಗಿಯ ಕುತ್ತಿಗೆಯ ಸ್ನಾಯುವಿನಲ್ಲೇ ನೆಡುವ ವಿಧಾನ ಪ್ರಕಟಿಸಿದರು. 1963ರಲ್ಲಿ ಬೆರ್ಸನ್ ಮತ್ತು ಯಾಲೋ ತಂಡ ರಕ್ತದಲ್ಲಿನ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಅಳೆಯುವ ಬಗೆ ಕಂಡುಕೊಂಡಿತು. ಅಲ್ಲಿಯವರೆಗೆ ಚೇತರಿಕೆ ಎಂಬುದು ರೋಗಲಕ್ಷಣ ಮತ್ತು ರಕ್ತದ ಕ್ಯಾಲ್ಸಿಯಂ ನೋಡಿ ಊಹಿಸುವ ಸಂಗತಿಯಾಗಿತ್ತು. ಅಂದಿನಿಂದ ಅದು ನೇರವಾಗಿ ಅಳೆಯಬಹುದಾದ ಸಂಗತಿಯಾಯಿತು.

ರಚನೆ ಮತ್ತು ರಕ್ತಪೂರೈಕೆ

ಸಾಮಾನ್ಯವಾಗಿ ನಾಲ್ಕು ಗ್ರಂಥಿಗಳಿದ್ದು, ಥೈರಾಯ್ಡಿನ ಹಿಂಬದಿಯಲ್ಲಿ ಎಡಬಲಕ್ಕೆ ಎರಡೆರಡು ಇರುತ್ತವೆ. 503 ಶವಪರೀಕ್ಷೆಗಳನ್ನು ಆಧರಿಸಿ 1984ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಶೇ 84ರಷ್ಟು ಜನರಲ್ಲಿ ನಾಲ್ಕು, ಶೇ 13ರಷ್ಟು ಜನರಲ್ಲಿ ಅದಕ್ಕಿಂತ ಹೆಚ್ಚು, ಶೇ 3ರಷ್ಟು ಜನರಲ್ಲಿ ಮೂರೇ ಗ್ರಂಥಿಗಳು ಕಂಡುಬಂದಿದ್ದವು. ಒಂದೊಂದರ ತೂಕ ಸುಮಾರು 30ರಿಂದ 50 ಮಿಲಿಗ್ರಾಂ. ಗಾತ್ರದಲ್ಲಿ ಒಂದು ತೊಗರಿಬೇಳೆಯಷ್ಟು. ಬಣ್ಣ ಹಳದಿಯಿಂದ ನಸುಗಂದು. ಸುತ್ತಲ ಕೊಬ್ಬಿನ ಬಣ್ಣವೂ ಅದಕ್ಕೆ ಹತ್ತಿರವಾದ್ದರಿಂದ ನುರಿತ ಕಣ್ಣಿಗೂ ತಪ್ಪಿಹೋಗುವುದುಂಟು.

ಭ್ರೂಣದಲ್ಲಿ ಮೇಲಿನ ಜೋಡಿ ನಾಲ್ಕನೆಯ ಗಂಟಲಚೀಲದಿಂದ, ಕೆಳಗಿನ ಜೋಡಿ ಮೂರನೆಯದರಿಂದ ಹುಟ್ಟುತ್ತದೆ. ಕೆಳಗಿನವು ಥೈಮಸ್ ಗ್ರಂಥಿಯ ಜೊತೆ ದೂರ ಇಳಿದುಬರುವುದರಿಂದ ಅವುಗಳ ಜಾಗ ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ. ಎರಡೂ ಜೋಡಿಗಳಿಗೆ ಹೆಚ್ಚಾಗಿ ರಕ್ತ ಸಿಗುವುದು ಕೆಳ ಥೈರಾಯ್ಡ್ ಧಮನಿಯ ಕವಲುಗಳಿಂದ. ಈ ಕವಲುಗಳು ಕೂದಲೆಳೆಯಷ್ಟು ಸಣ್ಣವು, ಅವಕ್ಕೆ ಪರ್ಯಾಯ ದಾರಿ ಕಡಿಮೆ. ಹೀಗಾಗಿ ಗ್ರಂಥಿ ಕಣ್ಣೆದುರು ಉಳಿದಿದ್ದರೂ ನಾಳ ತುಂಡಾಗಿದ್ದರೆ ಅದು ಕೆಲಸ ಮಾಡುವುದಿಲ್ಲ.

ಕಾರ್ಯ

ಪ್ಯಾರಾಥೈರಾಯ್ಡ್ ಹಾರ್ಮೋನು ಅಥವಾ ಪಿಟಿಎಚ್ 84 ಅಮೈನೋ ಆಮ್ಲಗಳ ಸರಪಳಿ. ಗ್ರಂಥಿಕೋಶಗಳ ಮೇಲಿರುವ ಕ್ಯಾಲ್ಸಿಯಂ ಗ್ರಾಹಕಗಳು ರಕ್ತದ ಕ್ಯಾಲ್ಸಿಯಂ ತುಸು ಇಳಿದರೂ ಗುರುತಿಸಿ ಹಾರ್ಮೋನು ಬಿಡಿಸುತ್ತವೆ. ಪಿಟಿಎಚ್ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಅದು ಪೋಲಾಗದಂತೆ ತಡೆಯುತ್ತದೆ, ರಂಜಕವನ್ನು ಹೊರಹಾಕುತ್ತದೆ. ವಿಟಮಿನ್ ಡಿಯನ್ನು ಮೂತ್ರಪಿಂಡದಲ್ಲಿ ಕ್ಯಾಲ್ಸಿಟ್ರಿಯಾಲ್ ಎಂಬ ಕ್ರಿಯಾಶೀಲ ರೂಪಕ್ಕೆ ತರುವುದೂ ಇದರದೇ ಪ್ರೇರಣೆಯಿಂದ. ಹಾರ್ಮೋನು ತಯಾರಾಗಿ ಹೊರಬೀಳಲು ಮೆಗ್ನೀಸಿಯಂ ಬೇಕು. ಅದು ತೀರಾ ಕಡಿಮೆಯಾದರೆ ಆರೋಗ್ಯವಂತ ಗ್ರಂಥಿಯೂ ಮಂಕಾಗುತ್ತದೆ.

ರಕ್ತದ ಒಟ್ಟು ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರುವುದು ವಾಡಿಕೆ. ಪಿಟಿಎಚ್ ಮಟ್ಟ ಮಿಲಿಲೀಟರಿಗೆ ಸುಮಾರು 15ರಿಂದ 65 ಪಿಕೋಗ್ರಾಂ. ಹಾರ್ಮೋನಿನ ಅರ್ಧಾಯುಷ್ಯ ಕೆಲವೇ ನಿಮಿಷ. ಆದ್ದರಿಂದ ಗ್ರಂಥಿಗಳು ನಿಂತ ಕೂಡಲೇ ಪಿಟಿಎಚ್ ಇಳಿಯುತ್ತದೆ, ಕ್ಯಾಲ್ಸಿಯಂ ಮಾತ್ರ ನಿಧಾನವಾಗಿ ಇಳಿಯುತ್ತ ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ತಳ ಮುಟ್ಟುತ್ತದೆ.

ಕೊರತೆ ಬರುವ ಕಾರಣಗಳು

ಗ್ರಂಥಿ ಗೊತ್ತಾಗದೆ ಥೈರಾಯ್ಡಿನ ಜೊತೆ ಹೋಗಿಬಿಡಬಹುದು. ಧಮನಿಯ ಕವಲು ಕಟ್ಟಾಗಬಹುದು. ಅಭಿಧಮನಿ ಕಟ್ಟಿಕೊಂಡು ಗ್ರಂಥಿ ಕಪ್ಪಾಗಿ ಬಿಗಿಯಬಹುದು. ರಕ್ತ ನಿಲ್ಲಿಸುವ ವಿದ್ಯುತ್ ಉಪಕರಣದ ಬಿಸಿ ತಾಗಬಹುದು. ಕೊನೆಯ ಮೂರರಲ್ಲಿ ಗ್ರಂಥಿ ಸತ್ತಿರಬೇಕೆಂದಿಲ್ಲ. ಬರೀ ಮೂರ್ಛೆ ಹೋದಂತಾಗಿ ಮತ್ತೆ ಎಚ್ಚರಗೊಳ್ಳಬಹುದು, ಚೇತರಿಕೆಗೆ ಆಸ್ಪದ ಇರುವುದೇ ಇಲ್ಲಿ.

ಅರ್ಧ ಥೈರಾಯ್ಡ್ ಮಾತ್ರ ತೆಗೆದಾಗ ಇನ್ನೊಂದು ಬದಿಯ ಎರಡು ಗ್ರಂಥಿಗಳಿಗೆ ಕೈ ತಾಗಿರುವುದಿಲ್ಲ. ಆಗ ಶಾಶ್ವತ ಕೊರತೆ ಅತಿ ವಿರಳ. ಇಡೀ ಥೈರಾಯ್ಡ್ ತೆಗೆಯುವಾಗ, ಅದರಲ್ಲೂ ಕ್ಯಾನ್ಸರಿಗಾಗಿ ಕುತ್ತಿಗೆ ನಡುವಿನ ದುಗ್ಧಗ್ರಂಥಿಗಳನ್ನು ಬಿಡಿಸುವಾಗ, ಹಿಂದೊಮ್ಮೆ ಶಸ್ತ್ರಕ್ರಿಯೆಯಾದ ಕುತ್ತಿಗೆಯಲ್ಲಿ ಮತ್ತೆ ಕೈ ಹಾಕುವಾಗ, ಥೈರಾಯ್ಡ್ ಅತಿಸ್ರಾವ ತರುವ ಗ್ರೇವ್ಸ್ ಕಾಯಿಲೆಯಲ್ಲಿ, ಎದೆಗೂಡಿಗೆ ಇಳಿದ ದೊಡ್ಡ ಗಳಗಂಡದಲ್ಲಿ ಅಪಾಯ ಹೆಚ್ಚು. ಶಸ್ತ್ರವೈದ್ಯರು ವರ್ಷಕ್ಕೆ ಎಷ್ಟು ಥೈರಾಯ್ಡ್ ಶಸ್ತ್ರಕ್ರಿಯೆ ಮಾಡುತ್ತಾರೆ ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ. ಮೊದಲೇ ಇದ್ದ ವಿಟಮಿನ್ ಡಿ ಕೊರತೆ ಕ್ಯಾಲ್ಸಿಯಂ ಕುಸಿತವನ್ನು ಹೆಚ್ಚಿಸುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2014ರ ವಿಮರ್ಶೆಯೊಂದರ ಪ್ರಕಾರ ತಾತ್ಕಾಲಿಕ ಕ್ಯಾಲ್ಸಿಯಂ ಕೊರತೆ ಶೇ 19ರಿಂದ 38, ಶಾಶ್ವತ ಕೊರತೆ ಶೇ 0ಯಿಂದ 3. ಪರಿಣತ ಕೇಂದ್ರಗಳ ಈ ಅಂಕಿಗಳಿಗಿಂತ ದೇಶಮಟ್ಟದ ನೋಂದಣಿ ದಾಖಲೆಗಳಲ್ಲಿ ಶಾಶ್ವತ ಕೊರತೆ ಹೆಚ್ಚು ಕಾಣುತ್ತದೆ.

ಲಕ್ಷಣಗಳು ಮತ್ತು ಪರೀಕ್ಷೆ

ಮೊದಲ ಸೂಚನೆ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಗುಟ್ಟುವಿಕೆ. ಆಮೇಲೆ ಕೈಕಾಲು ಜೋಮು, ಸ್ನಾಯು ಸೆಳೆತ. ಬೆರಳುಗಳು ಒಟ್ಟಾಗಿ ಹೆಬ್ಬೆರಳು ಒಳಮಡಿಚಿ ಮುಂಗೈ ಸೆಟೆದುಕೊಳ್ಳುವುದು ಇದರ ವಿಶಿಷ್ಟ ಭಂಗಿ. ತೀವ್ರವಾದಾಗ ಗಂಟಲ ಸ್ನಾಯು ಬಿಗಿದು ಉಸಿರು ಸಿಕ್ಕಿಕೊಳ್ಳಬಹುದು, ಅಪಸ್ಮಾರದಂಥ ಸೆಳವು ಬರಬಹುದು, ಹೃದಯದ ಲಯ ತಪ್ಪಬಹುದು. ಹೆದರಿ ಏದುಸಿರು ಬಿಟ್ಟಾಗ ರಕ್ತ ಕ್ಷಾರೀಯವಾಗಿ, ಅಯಾನು ರೂಪದ ಕ್ಯಾಲ್ಸಿಯಂ ಇನ್ನಷ್ಟು ಇಳಿದು ಸೆಟೆತ ಹೆಚ್ಚುತ್ತದೆ. ಈ ಚಕ್ರವನ್ನು ಅರಿಯದವರು ರೋಗಿಯದು ಬರೀ ಅಂಜಿಕೆ ಎಂದು ತಳ್ಳಿಹಾಕುವ ಅಪಾಯವಿದೆ. ಕತ್ತಿನ ಮೇಲೆ ಶಸ್ತ್ರಕ್ರಿಯೆಯ ಗೆರೆಯಿದ್ದವರ ಕೈ ಸೆಟೆದರೆ ಮೊದಲು ನೋಡಬೇಕಾದ್ದು ಕ್ಯಾಲ್ಸಿಯಂ.

ಹಾಸಿಗೆಯ ಬಳಿ ಮಾಡುವ ಎರಡು ಪರೀಕ್ಷೆಗಳು ಹಳೆಯವು. ಕಿವಿಯ ಮುಂದೆ ಮುಖನರದ ಮೇಲೆ ಬೆರಳಿನಿಂದ ತಟ್ಟಿದಾಗ ತುಟಿ ಮಿಡಿಯುವುದು ಶ್ವೋಸ್ಟೆಕ್ ಚಿಹ್ನೆ. ಆರೋಗ್ಯವಂತರಲ್ಲೂ ಕೆಲವರಲ್ಲಿ ಇದು ಕಾಣುತ್ತದೆ. ರಕ್ತದೊತ್ತಡದ ಪಟ್ಟಿಯನ್ನು ಮೇಲಿನ ಒತ್ತಡಕ್ಕಿಂತ 20 ಮಿಲಿಮೀಟರ್ ಹೆಚ್ಚಿಗೆ ಏರಿಸಿ 3 ನಿಮಿಷ ಹಿಡಿದಾಗ ಮುಂಗೈ ಸೆಟೆಯುವುದು ಟ್ರೂಸೋ ಚಿಹ್ನೆ. ಇದು ಹೆಚ್ಚು ನಂಬಿಕೆಗೆ ಅರ್ಹ, ಬೇರೆ ಉಪಕರಣವೂ ಬೇಡ.

ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಜೊತೆ ಆಲ್ಬ್ಯುಮಿನ್, ರಂಜಕ, ಮೆಗ್ನೀಸಿಯಂ, ಪಿಟಿಎಚ್ ನೋಡುತ್ತಾರೆ. ಆಲ್ಬ್ಯುಮಿನ್ ಡೆಸಿಲೀಟರಿಗೆ 4 ಗ್ರಾಮಿಗಿಂತ ಕಡಿಮೆಯಿದ್ದರೆ ಕಡಿಮೆಯಾದ ಪ್ರತಿ ಗ್ರಾಮಿಗೆ ಕ್ಯಾಲ್ಸಿಯಂ ಅಂಕಿಗೆ 0.8 ಕೂಡಿಸಿ ಲೆಕ್ಕ ಹಾಕುವ ರೂಢಿಯಿದೆ. ಶಸ್ತ್ರಕ್ರಿಯೆ ಮುಗಿದು 20 ನಿಮಿಷ ಅಥವಾ ಅದಕ್ಕೂ ಹೆಚ್ಚು ಕಳೆದ ಮೇಲೆ ಪಿಟಿಎಚ್ 15 ಪಿಕೋಗ್ರಾಂ ಅಥವಾ ಹೆಚ್ಚಿದ್ದರೆ ಪದೇ ಪದೇ ಕ್ಯಾಲ್ಸಿಯಂ ನೋಡುವ ಅಗತ್ಯ ಬೀಳುವುದಿಲ್ಲವೆಂದು 2018ರ ಅಮೆರಿಕನ್ ಹೇಳಿಕೆ ತಿಳಿಸುತ್ತದೆ. 10ಕ್ಕಿಂತ ಕೆಳಗಿದ್ದರೆ ಕುಸಿತದ ಸಾಧ್ಯತೆ ಹೆಚ್ಚು.

ಚೇತರಿಕೆಯ ಬಗೆ ಮತ್ತು ಕಾಲ

ಚೇತರಿಕೆ ಒಂದೇ ದಾರಿಯಲ್ಲಿ ನಡೆಯುವುದಿಲ್ಲ. ಬಾವು, ಬಿಸಿ, ನಾಳದ ಸೆಳೆತಗಳಿಂದ ಮಂಕಾದ ಗ್ರಂಥಿ ಬಾವು ಇಳಿದಂತೆ ದಿನಗಳಲ್ಲೋ ಕೆಲವೇ ವಾರಗಳಲ್ಲೋ ಕೆಲಸ ಶುರುಮಾಡುತ್ತದೆ. ನಾಳ ಕಡಿದುಹೋದ ಗ್ರಂಥಿಗೆ ಸುತ್ತಲ ಅಂಗಾಂಶದಿಂದ ಹೊಸ ಸೂಕ್ಷ್ಮನಾಳಗಳು ಬೆಳೆದು ತಲುಪಬೇಕು, ಇದಕ್ಕೆ ತಿಂಗಳುಗಳು ಬೇಕಾಗಬಹುದು. ಒಂದೋ ಎರಡೋ ಗ್ರಂಥಿ ಹೋಗಿದ್ದರೆ ಉಳಿದವು ಹಿಗ್ಗಿ ಹೆಚ್ಚು ದುಡಿಯುತ್ತವೆ. ರಕ್ತ ಚೆನ್ನಾಗಿ ಹರಿಯುವ ಒಂದೇ ಗ್ರಂಥಿಯೂ ದೇಹದ ಅಗತ್ಯ ಪೂರೈಸಬಲ್ಲದು.

ನಾಲ್ಕನೆಯ ದಾರಿ ಮರುನಾಟಿ. ಶಸ್ತ್ರಕ್ರಿಯೆಯ ವೇಳೆ ಕೈಗೆ ಬಂದ ಅಥವಾ ಕಪ್ಪಾದ ಗ್ರಂಥಿಯನ್ನು ತಣ್ಣನೆಯ ಲವಣದ್ರಾವಣದಲ್ಲಿಟ್ಟು, ಅದು ಪ್ಯಾರಾಥೈರಾಯ್ಡೇ ಎಂದು ಖಚಿತಪಡಿಸಿಕೊಂಡು, ಸುಮಾರು 1 ಮಿಲಿಮೀಟರಿನ ಚೂರುಗಳಾಗಿ ಹೆಚ್ಚಿ ಕುತ್ತಿಗೆಯ ಪಕ್ಕದ ಸ್ನಾಯುವಿನಲ್ಲಿ ಮಾಡಿದ ಪುಟ್ಟ ಜೇಬುಗಳಲ್ಲಿ ಇಡುತ್ತಾರೆ. ಸಸಿ ಬೇರು ಬಿಟ್ಟಂತೆ ಅದಕ್ಕೆ ಹೊಸ ನಾಳಗಳು ಹತ್ತಿ ಹಾರ್ಮೋನು ಒಸರಲು 4ರಿಂದ 8 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ನಾಟಿ ಮಾಡಿದ ಗ್ರಂಥಿ ಜಾಗದಲ್ಲೇ ಉಳಿದ ಗ್ರಂಥಿಗೆ ಪೂರ್ತಿ ಸಮ ಅಲ್ಲ. ಬಾರ್ಸಿಲೋನಾದ ಶಸ್ತ್ರವೈದ್ಯರ ತಂಡವೊಂದು ಜಾಗದಲ್ಲೇ ಉಳಿದ ಗ್ರಂಥಿಗಳ ಸಂಖ್ಯೆಯನ್ನೇ ಅಳತೆಗೋಲಾಗಿಟ್ಟು ನೋಡಿದಾಗ, ಸಂಖ್ಯೆ ಕಡಿಮೆಯಾದಂತೆ ಶಾಶ್ವತ ಕೊರತೆ ಏರುವುದು ಸ್ಪಷ್ಟವಾಯಿತು.

ಅದೇ ತಂಡ ಇನ್ನೊಂದು ಸಂಗತಿಯನ್ನೂ ಗಮನಿಸಿತು. ಒಂದು ತಿಂಗಳ ಹೊತ್ತಿಗೆ ಕ್ಯಾಲ್ಸಿಯಂ ವಾಡಿಕೆಯ ಮಿತಿಯ ಮೇಲ್ಭಾಗದಲ್ಲಿದ್ದ ರೋಗಿಗಳಲ್ಲಿ ಚೇತರಿಕೆ ಹೆಚ್ಚು. ಮುರಿದ ಮೂಳೆಗೆ ದಬ್ಬೆ ಕಟ್ಟಿ ವಿಶ್ರಾಂತಿ ಕೊಡುವಂತೆ, ಹೊರಗಿನಿಂದ ಧಾರಾಳ ಕ್ಯಾಲ್ಸಿಯಂ ಕೊಟ್ಟು ಪೆಟ್ಟಾದ ಗ್ರಂಥಿಗೆ ಬಿಡುವು ಕೊಡಬೇಕೆಂಬ ಊಹೆ ಇದರಿಂದ ಮೂಡಿತು. ಇದನ್ನು ಎಲ್ಲರೂ ಒಪ್ಪಿಲ್ಲ. ಕ್ಯಾಲ್ಸಿಯಂ ತಗ್ಗಿಸಿಟ್ಟರೆ ಗ್ರಂಥಿಗೆ ಪ್ರಚೋದನೆ ಸಿಗುತ್ತದೆಂದು ವಾದಿಸುವವರೂ ಇದ್ದಾರೆ.

ಚೇತರಿಕೆಯ ಮುನ್ಸೂಚನೆಗಳಲ್ಲಿ ಮುಖ್ಯವಾದುದು ಪಿಟಿಎಚ್ ಅಳತೆಗೆ ಸಿಗುತ್ತಿದೆಯೇ ಎಂಬುದು. ಒಂದು ತಿಂಗಳ ಪರೀಕ್ಷೆಯಲ್ಲಿ ತಗ್ಗಿದ್ದರೂ ಅಂಕಿ ಕಾಣುತ್ತಿದ್ದರೆ ಭರವಸೆಯಿದೆ. ಅಳತೆಗೇ ಸಿಗದಿದ್ದರೆ ಸಾಧ್ಯತೆ ಕುಗ್ಗುತ್ತದೆ, ಆದರೆ ಮುಚ್ಚಿಹೋಗುವುದಿಲ್ಲ. ವರ್ಷ ದಾಟಿದ ಮೇಲೂ ಚೇತರಿಸಿಕೊಂಡವರು ವರದಿಯಾಗಿದ್ದಾರೆ. ಹೀಗಿರುವಾಗ ‘ಶಾಶ್ವತ’ ಎಂಬ ಪದವನ್ನು ಮೊದಲ ಭೇಟಿಗಳಲ್ಲೇ ರೋಗಿಯ ಕಡತಕ್ಕೆ ಬರೆದು, ಮರುಪರೀಕ್ಷೆ ನಿಲ್ಲಿಸುವುದು ಸರಿಯಲ್ಲ. ಅದಕ್ಕಿಂತ ಕೆಟ್ಟದ್ದು, ಜುಮುಗುಟ್ಟುವಿಕೆ ನಿಂತಿತೆಂದು ಒಂದೇ ದಿನ ಎಲ್ಲ ಮಾತ್ರೆಗಳನ್ನು ಬಿಟ್ಟುಬಿಡುವುದು.

ಭಾಗಶಃ ಚೇತರಿಕೆಯೂ ಉಂಟು. ಇದರಲ್ಲಿ ಪಿಟಿಎಚ್ ವಾಡಿಕೆಯ ಮಿತಿಯಲ್ಲಿದ್ದು ಸಾಮಾನ್ಯ ದಿನಗಳಲ್ಲಿ ಕ್ಯಾಲ್ಸಿಯಂ ಸರಿಯಿರುತ್ತದೆ. ವಾಂತಿ, ಭೇದಿ, ದೀರ್ಘ ಉಪವಾಸದಂಥ ಒತ್ತಡ ಬಂದಾಗ ಮಾತ್ರ ಗ್ರಂಥಿಯ ಮೀಸಲು ಸಾಲದೆ ಜೋಮು ಮರಳುತ್ತದೆ.

ಚಿಕಿತ್ಸೆ

ತೀವ್ರ ಸೆಟೆತಕ್ಕೆ ಶೇ 10ರ ಕ್ಯಾಲ್ಸಿಯಂ ಗ್ಲುಕೋನೇಟ್ 10ರಿಂದ 20 ಮಿಲಿಲೀಟರನ್ನು ಡೆಕ್ಸ್‌ಟ್ರೋಸ್ ದ್ರಾವಣದಲ್ಲಿ ಬೆರೆಸಿ, ಹೃದಯದ ಲಯ ಗಮನಿಸುತ್ತ, 10ರಿಂದ 20 ನಿಮಿಷಗಳಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ಔಷಧ ನಾಳದಿಂದ ಹೊರಗೆ ಸೋರಿದರೆ ಚರ್ಮ ಕೊಳೆಯಬಹುದಾದ್ದರಿಂದ ಎಚ್ಚರ ಬೇಕು.

ಬಾಯಿಯ ಮೂಲಕ ಕೊಡುವುದು ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್. ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಶೇ 40ರಷ್ಟು, ಸಿಟ್ರೇಟಿನಲ್ಲಿ ಶೇ 21ರಷ್ಟು ಮೂಲ ಕ್ಯಾಲ್ಸಿಯಂ ಇರುತ್ತದೆ. 1250 ಮಿಲಿಗ್ರಾಂ ಕಾರ್ಬೊನೇಟ್ ಮಾತ್ರೆಯಿಂದ ಸಿಗುವುದು 500 ಮಿಲಿಗ್ರಾಂ. ಕಾರ್ಬೊನೇಟನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಜಠರದ ಆಮ್ಲ ಬೇಕಾಗುತ್ತದೆ. ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಿಗೆ ಸಿಟ್ರೇಟ್ ಮೇಲು. ದಿನಕ್ಕೆ 1ರಿಂದ 3 ಗ್ರಾಂ ಮೂಲ ಕ್ಯಾಲ್ಸಿಯಮ್ಮನ್ನು ಎರಡು ಮೂರು ಹೊತ್ತಿಗೆ ಹಂಚುವುದು ರೂಢಿ. ಕ್ಯಾಲ್ಸಿಟ್ರಿಯಾಲನ್ನು ಸಾಮಾನ್ಯವಾಗಿ 0.25ರಿಂದ 0.5 ಮೈಕ್ರೋಗ್ರಾಂ ಪ್ರಮಾಣದಲ್ಲಿ ದಿನಕ್ಕೆರಡು ಬಾರಿ ಕೊಡುತ್ತಾರೆ. ವಾರಕ್ಕೊಮ್ಮೆ ಹಾಲಿನಲ್ಲಿ ಕುಡಿಯುವ 60,000 ಯೂನಿಟ್ ವಿಟಮಿನ್ ಡಿ ಪುಡಿ ಇದಕ್ಕೆ ಬದಲಿಯಲ್ಲ. ಪಿಟಿಎಚ್ ಇಲ್ಲದಾಗ ಅದು ಕ್ರಿಯಾಶೀಲ ರೂಪಕ್ಕೆ ಸಾಕಷ್ಟು ಬದಲಾಗುವುದಿಲ್ಲ. ಡಿ ಸಂಗ್ರಹ ತುಂಬಲು ಮಾತ್ರ ಅದು ಉಪಯುಕ್ತ. ಥೈರಾಕ್ಸಿನ್ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ 4 ತಾಸು ಅಂತರ ಇರಬೇಕು. ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಚೇತರಿಕೆ ಕಂಡಂತೆ ರಕ್ತಪರೀಕ್ಷೆಯ ಆಧಾರದ ಮೇಲೆ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಇಳಿಸದೆ ಮುಂದುವರಿಸುವುದೂ ಅಪಾಯ. ಗ್ರಂಥಿ ಎಚ್ಚೆತ್ತ ಮೇಲೂ ಹಳೆಯ ಪ್ರಮಾಣವೇ ಸಾಗಿದರೆ ಕ್ಯಾಲ್ಸಿಯಂ ಮಿತಿಮೀರಿ ಮಲಬದ್ಧತೆ, ಬಾಯಾರಿಕೆ, ಅತಿಮೂತ್ರ, ಮೂತ್ರಪಿಂಡದ ಕಲ್ಲು ಬರಬಹುದು. ಚೇತರಿಸದವರಲ್ಲಿ ಪಿಟಿಎಚ್ ಇಲ್ಲದ ಕಾರಣ ಮೂತ್ರದಲ್ಲಿ ಕ್ಯಾಲ್ಸಿಯಂ ಸುಲಭವಾಗಿ ಸೋರುತ್ತದೆ. ಆದ್ದರಿಂದ ಅವರಲ್ಲಿ ರಕ್ತದ ಮಟ್ಟವನ್ನು ವಾಡಿಕೆಯ ಕೆಳಗಿನ ಅಂಚಿನಲ್ಲಿಡುತ್ತಾರೆ. ವರ್ಷಗಟ್ಟಲೆ ಕೊರತೆ ಉಳಿದರೆ ಕಣ್ಣಿನ ಪೊರೆ, ಮಿದುಳಿನ ತಳದ ಭಾಗಗಳಲ್ಲಿ ಸುಣ್ಣ ಕಟ್ಟುವುದು ಕಾಣಬಹುದು. ಥೈರಾಯ್ಡ್ ರೋಗಿಗಳಲ್ಲಿ ಹೆಂಗಸರೇ ಹೆಚ್ಚಾದ್ದರಿಂದ ಒಂದು ವಿಷಯ ವಿಶೇಷವಾಗಿ ಗಮನಾರ್ಹ: ಹಾಲೂಡಿಸುವ ತಿಂಗಳುಗಳಲ್ಲಿ ಸ್ತನದಿಂದ ಪಿಟಿಎಚ್ ಹೋಲುವ ಹಾರ್ಮೋನು ಬರುವುದರಿಂದ ಮಾತ್ರೆಗಳ ಅಗತ್ಯ ತಗ್ಗಬಹುದು, ಹಾಲು ಬಿಡಿಸಿದ ಮೇಲೆ ಮತ್ತೆ ಏರಬಹುದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದಲ್ಲಿ

ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಜನ ಇಂಥ ಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಮೂರು ಊರುಗಳತ್ತ ಮುಖ ಮಾಡುತ್ತಾರೆ. ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿಗೆ ಸೇರಿದ ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಮತ್ತು ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಬಿಮ್ಸ್ ಇವೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಕಿತ್ತೂರು ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಇರುವುದರಿಂದ ಬೆಳಗಾವಿ, ಧಾರವಾಡ ಎರಡೂ ಹತ್ತಿರ. ಸವದತ್ತಿಯಿಂದ ಧಾರವಾಡ ಸುಮಾರು 40 ಕಿಲೋಮೀಟರ್. ಪೂರ್ವದ ಅಂಚಿನ ರಾಮದುರ್ಗದಿಂದ ಬೆಳಗಾವಿಗೆ ನೂರು ಕಿಲೋಮೀಟರಿನಷ್ಟು ದೂರ.

ಈ ದೂರಕ್ಕೆ ವೈದ್ಯಕೀಯ ಅರ್ಥವಿದೆ. ರೋಗಿಯನ್ನು ಎರಡು ಮೂರು ದಿನಕ್ಕೆ ಮನೆಗೆ ಕಳಿಸಿದರೆ, ಕ್ಯಾಲ್ಸಿಯಂ ತಳ ಮುಟ್ಟುವ ಹೊತ್ತಿಗೆ ಅವರು ಊರಿನಲ್ಲಿರುತ್ತಾರೆ. ಶಸ್ತ್ರಕ್ರಿಯೆಯ ದಿನವೇ ಅಥವಾ ಮರುದಿನ ನೋಡಿದ ಪಿಟಿಎಚ್ ಅಂಕಿಗೆ ಇಲ್ಲಿ ಬೆಲೆ ಹೆಚ್ಚು; ಹಳ್ಳಿಗೆ ಮರಳುವ ಮೊದಲೇ ಯಾರಿಗೆ ಮಾತ್ರೆ ಖಂಡಿತ ಬೇಕೆಂದು ಅದು ತಿಳಿಸುತ್ತದೆ. ಆ ಪರೀಕ್ಷೆ ಇಲ್ಲದ ಕಡೆ ಇಡೀ ಥೈರಾಯ್ಡ್ ತೆಗೆದ ಎಲ್ಲರಿಗೂ ಮೊದಲ ವಾರಗಳಲ್ಲಿ ಕ್ಯಾಲ್ಸಿಯಂ ಕೊಟ್ಟು ಕಳಿಸುವುದು ಒಪ್ಪಿತ ಪದ್ಧತಿ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಸೆಟೆತ ಬಂದಾಗ ಮೊದಲ ಗ್ಲುಕೋನೇಟ್ ಚುಚ್ಚುಮದ್ದಿಗೆ ದೂರದ ಊರಿಗೆ ಓಡಬೇಕಿಲ್ಲ, ಹತ್ತಿರದ ಆಸ್ಪತ್ರೆಯಲ್ಲಿ ಬಿಡುಗಡೆ ಚೀಟಿ ತೋರಿಸಿದರೆ ಚಿಕಿತ್ಸೆ ಶುರುವಾಗುತ್ತದೆ. ಬಿಡುಗಡೆ ಚೀಟಿಯಲ್ಲಿ ಎಷ್ಟು ಗ್ರಂಥಿ ಜಾಗದಲ್ಲಿ ಉಳಿದವು, ಮರುನಾಟಿ ಮಾಡಲಾಯಿತೇ, ಕೊನೆಯ ಪಿಟಿಎಚ್ ಎಷ್ಟು ಎಂಬ ಮೂರು ಸಂಗತಿಗಳು ಬರೆದಿದ್ದರೆ ಮುಂದಿನ ವೈದ್ಯರ ಕೆಲಸ ಸುಲಭ.

ಆಹಾರವೂ ಇಲ್ಲಿ ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ಶಿಫಾರಸು ಮಾಡಿದ ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ. ದಕ್ಷಿಣ ಕರ್ನಾಟಕದ ರಾಗಿಯಲ್ಲಿ 100 ಗ್ರಾಮಿಗೆ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೆ, ಈ ಭಾಗದ ಮುಖ್ಯ ಧಾನ್ಯವಾದ ಜೋಳದಲ್ಲಿ ಇರುವುದು 30 ಮಿಲಿಗ್ರಾಮಿನ ಆಸುಪಾಸು. ಜೋಳದ ಫೈಟೇಟ್ ಅದರ ಹೀರುವಿಕೆಯನ್ನೂ ತಗ್ಗಿಸುತ್ತದೆ. ರೊಟ್ಟಿಯ ಮೇಲೆ ಉದುರಿಸುವ ಎಳ್ಳಿನಲ್ಲಿ ಕ್ಯಾಲ್ಸಿಯಂ ಹೇರಳ, ಆದರೆ ಸಿಪ್ಪೆಯ ಆಕ್ಸಲೇಟ್ ಅದರ ಹೆಚ್ಚಿನ ಭಾಗವನ್ನು ಹಿಡಿದಿಡುತ್ತದೆ. ಸುಲಭವಾಗಿ ಮೈಗೆ ಹತ್ತುವುದು ಹಾಲು, ಮಜ್ಜಿಗೆ, ಗಟ್ಟಿ ಮೊಸರಿನದು. ಆಕಳ ಹಾಲಿನ 100 ಮಿಲಿಲೀಟರಿನಲ್ಲಿ ಸುಮಾರು 120 ಮಿಲಿಗ್ರಾಂ ಇರುತ್ತದೆ. ಚೇತರಿಕೆಯ ತಿಂಗಳುಗಳಲ್ಲಿ ಊಟ ಮಾತ್ರೆಗೆ ಜೊತೆಯಾಗಬಲ್ಲದು, ಬದಲಿಯಾಗಲಾರದು. ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಕ್ಯಾಲ್ಸಿಯಂ ಎಂದು ಎಣಿಸುವಂತಿಲ್ಲ. ಅದಕ್ಕೆ ಅಳತೆಯಿಲ್ಲ, ಅಡಿಕೆಯಿಂದ ಬಾಯಿಗೆ ಹಾನಿ. ಶ್ರಾವಣದ ವಾರಗಳಲ್ಲಿ, ಭರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವ ದಿನಗಳಲ್ಲಿ ಉಪವಾಸ ಹಿಡಿಯುವವರು ಮಾತ್ರೆ ಬಿಡದೆ ಹಾಲಿನೊಂದಿಗಾದರೂ ತೆಗೆದುಕೊಳ್ಳಬೇಕು.

ಇಂಥ ಶಸ್ತ್ರಕ್ರಿಯೆಗೆ ಒಂದು ಕಾರಣವಾದ ಗಳಗಂಡವನ್ನೇ ತಗ್ಗಿಸುವ ಸಾರ್ವಜನಿಕ ಕ್ರಮವಾಗಿ ಭಾರತದಲ್ಲಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1992ರಲ್ಲಿ ಅದಕ್ಕೆ ಅಯೋಡಿನ್ ಕೊರತೆ ನಿಯಂತ್ರಣ ಕಾರ್ಯಕ್ರಮ ಎಂಬ ಹೆಸರಾಯಿತು. ಬಳಕೆದಾರರಿಗೆ ತಲುಪುವ ಉಪ್ಪಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು.

ಈಗಿನ ಸ್ಥಿತಿ

ಶಸ್ತ್ರಕ್ರಿಯೆಯ ವೇಳೆ ಗ್ರಂಥಿಯನ್ನು ಗುರುತಿಸಲು ಹೊಸ ನೆರವು ಬಂದಿದೆ. ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕು ಬಿದ್ದಾಗ ಪ್ಯಾರಾಥೈರಾಯ್ಡ್ ಸುತ್ತಲ ಅಂಗಾಂಶಕ್ಕಿಂತ ಹೆಚ್ಚು ಹೊಳೆಯುವುದನ್ನು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ವರದಿ ಮಾಡಿದರು. ಈ ತತ್ವದ ಎರಡು ಉಪಕರಣಗಳಿಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಆದರೆ ಈ ಹೊಳಪು ಗ್ರಂಥಿ ಎಲ್ಲಿದೆ ಎಂದು ತೋರಿಸುತ್ತದೆಯೇ ಹೊರತು ರಕ್ತ ಹರಿಯುತ್ತಿದೆಯೇ ಎಂದು ತಿಳಿಸುವುದಿಲ್ಲ. ಅದಕ್ಕೆ ಇಂಡೊಸಯನಿನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಕೊಟ್ಟು ಅದರ ಹರಿವನ್ನು ಕ್ಯಾಮೆರಾದಲ್ಲಿ ನೋಡುತ್ತಾರೆ.

ಚೇತರಿಸದವರಿಗೆ ಹಾರ್ಮೋನನ್ನೇ ಕೊಡುವ ಪ್ರಯತ್ನಗಳು ಏಳುಬೀಳು ಕಂಡಿವೆ. 84 ಅಮೈನೋ ಆಮ್ಲಗಳ ಪೂರ್ಣ ಹಾರ್ಮೋನಿಗೆ ಅಮೆರಿಕ 2015ರಲ್ಲಿ ಅನುಮತಿ ನೀಡಿತು. ಚುಚ್ಚುಮದ್ದಿನ ಸಾಧನದಲ್ಲಿ ರಬ್ಬರ್ ಕಣಗಳ ತೊಂದರೆ ಕಂಡು 2019ರಲ್ಲಿ ಅದನ್ನು ಅಲ್ಲಿ ಹಿಂಪಡೆಯಲಾಯಿತು. ಆಮೇಲೆ ಬಂದ ಪ್ಯಾಲೊಪೆಗ್‌ಟೆರಿಪ್ಯಾರಟೈಡ್ ದಿನಕ್ಕೊಮ್ಮೆ ಚರ್ಮದಡಿ ತೆಗೆದುಕೊಂಡರೆ 24 ತಾಸು ನಿಧಾನವಾಗಿ ಹಾರ್ಮೋನು ಬಿಡುತ್ತದೆ. ಯುರೋಪಿನಲ್ಲಿ 2023ರಲ್ಲಿ, ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಈ ಔಷಧಗಳು ದೀರ್ಘಕಾಲದ ಕೊರತೆಗಾಗಿ ಸಿದ್ಧವಾದವು. ಶಸ್ತ್ರಕ್ರಿಯೆಯಾದ ಮೊದಲ ತಿಂಗಳುಗಳಲ್ಲಿ ಗ್ರಂಥಿ ತಾನೇ ಎಚ್ಚೆತ್ತೀತೆಂದು ಕಾಯುವ ಕಾಲಕ್ಕೆ ಇಂದಿಗೂ ಬಳಕೆಯಲ್ಲಿರುವುದು ಕ್ಯಾಲ್ಸಿಯಂ, ಕ್ಯಾಲ್ಸಿಟ್ರಿಯಾಲ್ ಮತ್ತು ಕ್ರಮ ತಪ್ಪದ ರಕ್ತಪರೀಕ್ಷೆ.